ಪಕ್ಕದ ಸೀಟಿನ ಬೆಲ್ಟು

ಗಲ್ಫಿನಲ್ಲಿ, ಅಲ್ ಕೂಜ್‌ನ ನಮ್ಮ ರೂಮಿನಲ್ಲಿ ಆಗ ಇದ್ದವರು ಇಬ್ಬರೇ. ನಾನು ಮತ್ತು ಉಡುಪಿ ಕಡೆಯ ಒಬ್ಬ ವೆಲ್ಡರ್. ಹಿರಿಯರಾದ್ದರಿಂದ ಅವರನ್ನು ಅಣ್ಣ ಎನ್ನುತ್ತಿದ್ದೆ. ಅವರು ನನ್ನನ್ನು ಡಿಗ್ರಿಯವ್ರೇ ಎಂದು ಕರೆಯುತ್ತಿದ್ದರು. ತಮಾಷೆಗೆಂದು ಗೊತ್ತಿದ್ದರೂ ನನಗೆ ಅದು ಇಷ್ಟವಾಗುತ್ತಿತ್ತು. ನಮ್ಮ ಮನೆಯಲ್ಲಿ ಕಾಲೇಜಿಗೆ ಹೋದವನು ನಾನೇ ಮೊದಲು. ಅಮ್ಮ ಬೀಡಿ ಕಟ್ಟಿ ಓದಿಸಿದ ಬಿ.ಕಾಂ. ಅದು. ವೀಸಾಕ್ಕಾಗಿ ಸರ್ಟಿಫಿಕೇಟಿನ ಹಿಂಬದಿಗೆ ಬಿದ್ದಿದ್ದ ಸೀಲುಗಳನ್ನು ಆಗಾಗ ತೆಗೆದು ನೋಡುತ್ತಿದ್ದೆ.

ಇಬ್ಬರೂ ಕುಡಿಯುತ್ತಿದ್ದೆವು. ಅಣ್ಣ ಬಾಟ್ಲಿಯಿಂದಲೇ ಕುಡಿದು ಬಿದ್ದಲ್ಲೇ ಮಲಗುತ್ತಿದ್ದರು. ನಾನು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಗ್ಲಾಸಿಗೆ ಐಸ್ ಹಾಕಿ, ಒಂದು ದಿನವೂ ತಪ್ಪದೆ ಕುಡಿಯುತ್ತಿದ್ದೆ. ಬೆಳಿಗ್ಗೆ ಇಬ್ಬರ ಕೈಯೂ ನಡುಗುತ್ತಿತ್ತು. ಆದರೂ ಕುಡುಕ ಎಂಬ ಮಾತು ಅವರಿಗೆ ಮಾತ್ರ ಸೇರಿದ್ದು ಎಂದೇ ನಂಬಿದ್ದೆ.

ಒಮ್ಮೆ ಅಣ್ಣ ರಕ್ತ ಕಾರಿದರು. ಕ್ಲಿನಿಕ್ಕಿನ ಡಾಕ್ಟರು ಒಂದು ಫೋನ್ ನಂಬರ್ ಕೊಟ್ಟು, ಕುಡಿತ ಬಿಟ್ಟವರು ವಾರಕ್ಕೊಮ್ಮೆ ಸೇರುತ್ತಾರೆ, ಅಲ್ಲಿಗೆ ಹೋಗಿ ಎಂದರು. ಇಂಗ್ಲಿಷಿನಲ್ಲಿ ಮಾತಾಡಬೇಕಾದೀತು ಎಂದು ಅಣ್ಣ ಫೋನನ್ನು ನನ್ನ ಕೈಗೇ ಕೊಟ್ಟರು. ಆ ಕಡೆಯಿಂದ ಬಂದದ್ದು ಮಂಗಳೂರು ಕನ್ನಡ.

"ನಿಮಗಾ, ಬೇರೆಯವರಿಗಾ?"

"ಬೇರೆಯವರಿಗೆ," ಎಂದೆ.

"ಹಾಗಾದ್ರೆ ಇಬ್ರೂ ಬನ್ನಿ."

ಅವರು ಹೇಳಿದ ಜಾಗ ಕರಾಮಾದಲ್ಲಿ, ಕೆಳಗೆ ಲಾಂಡ್ರಿ ಇದ್ದ ಕಟ್ಟಡ. ಬೋರ್ಡಿಲ್ಲ. ಫೋನಿನಲ್ಲಿ ಮಾತಾಡಿದ ಹಿರಿಯರೇ ಇಳಿದು ಬಂದು ಮೇಲೆ ಕರೆದುಕೊಂಡು ಹೋದರು. ಪ್ಲಾಸ್ಟಿಕ್ ಕುರ್ಚಿ, ಹಾಲಿಲ್ಲದ ಸುಲೈಮಾನಿ ಚಹಾ, ಹೆಚ್ಚಾಗಿ ಊರ ಕಡೆಯವರೇ. ಒಬ್ಬೊಬ್ಬರೂ ತಾನು ಕುಡುಕ ಎಂದು ಹೇಳಿ ಮಾತು ಶುರುಮಾಡುತ್ತಿದ್ದರು. ಅಣ್ಣ ತುಳುವಿನಲ್ಲಿ ಹೇಳಿ ಅತ್ತರು. ನನ್ನ ಸರದಿ ಬಂದಾಗ, "ನಾನು ಇವರನ್ನು ಕರ್ಕೊಂಡು ಬಂದವ, ಅಷ್ಟೇ," ಎಂದೆ. ಯಾರೂ ನಗಲಿಲ್ಲ. ಹಿರಿಯರು ಚಹಾ ಕೊಟ್ಟರು.

ಆಮೇಲೆ ಪ್ರತಿ ಶುಕ್ರವಾರ ಸಂಜೆ ನನ್ನ ಕಾರಿನಲ್ಲಿ ಅಣ್ಣ. ಬೆಲ್ಟ್ ಹಾಕಲು ಅವರಿಗೆ ಮರೆವು. ಕಾರು ಟಿಣ್ ಟಿಣ್ ಎಂದು ಹೊಡೆದುಕೊಳ್ಳುತ್ತಿತ್ತು.

"ಅಣ್ಣ, ಬೆಲ್ಟು."

"ನಿಮ್ಮ ಗಾಡಿಗೆ ನನ್ನ ಹೆಂಡ್ತಿಗಿಂತ ಬಾಯಿ ಜಾಸ್ತಿ ಮಾರಾಯ್ರೆ," ಎನ್ನುತ್ತ ಎಳೆದುಕೊಳ್ಳುತ್ತಿದ್ದರು.

ಅವರು ಕುಡಿತ ಬಿಟ್ಟರು. ರೂಮಿಗೆ ಮರಳಿದ ಮೇಲೆ ನಾನು ಗ್ಲಾಸ್ ತೊಳೆದು ಐಸ್ ತೆಗೆಯುವಾಗ ಅವರು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಒಂದೇ ಒಂದು ಸಲ, ತಿರುಗದೆಯೇ ಕೇಳಿದರು: "ಡಿಗ್ರಿಯವ್ರೇ, ನಿಮ್ಮನ್ನು ಯಾರು ಕರ್ಕೊಂಡು ಹೋಗೋದು?" ನಾನು ಟಿವಿ ಸ್ವಲ್ಪ ಜೋರು ಮಾಡಿದೆ.

ಬೇಸಿಗೆಯಲ್ಲಿ ರಜೆಗೆಂದು ಊರಿಗೆ ಹೋದ ಅಣ್ಣ ಅಲ್ಲೇ ಎದೆನೋವಿನಿಂದ ತೀರಿಕೊಂಡರು. ಶುಕ್ರವಾರ ಮಧ್ಯಾಹ್ನ ಅವರ ಹೆಂಡತಿಯ ಫೋನ್ ಬಂತು. "ಕಡೆವರೆಗೂ ಮುಟ್ಲಿಲ್ಲ. ನಿಮ್ಮಂಥ ಒಳ್ಳೆಯವ್ರು ಜೊತೆಗಿದ್ರಲ್ಲ, ಅದಕ್ಕೆ. ನಿಮ್ಮ ಉಪಕಾರ ಮರೆಯುದಿಲ್ಲ." ಆಯ್ತಕ್ಕ ಎಂದೆ. ಫೋನಿಟ್ಟು ಬಾಟ್ಲಿ ಹುಡುಕಿದೆ. ರೂಮಿನಲ್ಲಿ ಒಂದು ಹನಿಯೂ ಉಳಿದಿರಲಿಲ್ಲ. ಕಾರು ತೆಗೆದು ನೇರ ಅಜ್ಮಾನಿಗೆ ಹೋದೆ. ಮದ್ಯ ಕೊಳ್ಳುವ ಲೈಸೆನ್ಸ್ ಇಲ್ಲದವರು ಬಾಟ್ಲಿಗೆ ಹೋಗುತ್ತಿದ್ದದ್ದು ಅಲ್ಲಿಗೇ.

ಒಂದು ಪೆಟ್ಟಿಗೆ ತುಂಬ ತಂದು ಪಕ್ಕದ ಸೀಟಿನಲ್ಲಿಟ್ಟೆ. ಕಾರು ಹೊರಟಿತು. ಟಿಣ್ ಟಿಣ್.

"ಅಣ್ಣ, ಬೆಲ್ಟು," ಎಂದುಬಿಟ್ಟೆ.

ನನ್ನ ಸ್ವರ ನನಗೇ ಕೇಳಿಸಿತು. ಸದ್ದು ನಿಲ್ಲಲಿಲ್ಲ. ಪೆಟ್ಟಿಗೆಯ ಭಾರಕ್ಕೆ ಸೀಟು ಮನುಷ್ಯ ಕೂತಿದ್ದಾನೆ ಎಂದುಕೊಂಡಿತ್ತು. ಮದ್ಯ ನಿಷೇಧವಿರುವ ಶಾರ್ಜಾ ದಾಟುವಾಗ ಪೊಲೀಸರ ಹೆದರಿಕೆ ಒಂದು ಕಡೆ, ಆ ಸದ್ದು ಇನ್ನೊಂದು ಕಡೆ. ಕಾರನ್ನು ಬದಿಗೆ ನಿಲ್ಲಿಸಿ ಬೆಲ್ಟನ್ನು ಎಳೆದು ಪೆಟ್ಟಿಗೆಗೆ ಕಟ್ಟಿದೆ. ಸದ್ದು ನಿಂತಿತು. ಅದು ಹೆಚ್ಚು ಕಷ್ಟವಾಯಿತು. ಅವರು ಬೆಲ್ಟ್ ಹಾಕಿಕೊಂಡು ಸುಮ್ಮನೆ ಮುಂದೆ ನೋಡುತ್ತ ಕೂರುತ್ತಿದ್ದದ್ದು ಹೀಗೆಯೇ. ಕಣ್ಣಂಚಿಗೆ ಪೆಟ್ಟಿಗೆ ಕಾಣಲಿಲ್ಲ, ಒಂದು ಭುಜ ಕಂಡಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಅಲ್ ಕೂಜ್‌ಗೆ ಹೊರಟವನು ಕರಾಮಾದ ಲಾಂಡ್ರಿ ಮುಂದೆ ಬಂದು ನಿಂತಿದ್ದೆ.

ಮೇಲೆ ಮೀಟಿಂಗ್ ಶುರುವಾಗಿತ್ತು. "ಇವತ್ತು ಒಬ್ರೇಯಾ?" ಎಂದು ಹಿರಿಯರು ಕೇಳಿದರು. ಅಣ್ಣ ಹೋದ ಸುದ್ದಿ ಹೇಳಿದೆ. ನನ್ನ ಸರದಿ ಬಂದಾಗ ಹೇಳಲು ನನ್ನ ಹತ್ತಿರ ಹಳೆಯ ಮಾತೂ ಇರಲಿಲ್ಲ. ಕರೆದುಕೊಂಡು ಬರಲು ಯಾರೂ ಇರಲಿಲ್ಲವಲ್ಲ. "ನಾನು ಕುಡುಕ," ಎಂದೆ. ಬಿ.ಕಾಂ. ಪಾಸಾದ ದಿನ ಅಮ್ಮನಿಗೆ ಹೇಳಿದಷ್ಟೇ ಮೆಲ್ಲಗೆ.

ಹಿರಿಯರು ನನ್ನ ಜೊತೆ ಕೆಳಗಿಳಿದು ಬಂದು ಕಾರಿನ ಬಾಗಿಲು ತೆರೆದರು. ಪೆಟ್ಟಿಗೆಯನ್ನೂ ಬೆಲ್ಟನ್ನೂ ತುಂಬ ಹೊತ್ತು ನೋಡಿದರು.

"ಇವನನ್ನು ಇಳಿಸಿ. ನಾನು ಎಲ್ಲಿ ಕೂರುದು?"

ಲಾಂಡ್ರಿಯ ಹಿಂದಿನ ಮೋರಿಗೆ ಒಂದೊಂದೇ ಬಾಟ್ಲಿ ಸುರಿದೆವು. ಸೋಪಿನ ವಾಸನೆಯೊಳಗೆ ಆ ವಾಸನೆ. ನನಗೆ ಬಾಯಲ್ಲಿ ನೀರೂರಿತು. ಹಿರಿಯರು ನೋಡಿದರು, ಮುಂದಿನ ಬಾಟ್ಲಿಯ ಮುಚ್ಚಳ ತೆಗೆದರು.

ಅದಾದ ಮೇಲೆ ನಾನು ಕುಡಿದಿಲ್ಲ. ಹೊಸಬರು ಫೋನ್ ಮಾಡಿದರೆ ಕರೆತರಲು ನಾನೇ ಹೋಗುತ್ತೇನೆ. ಅವರು ಹೆದರಿಕೊಂಡು ಪಕ್ಕದಲ್ಲಿ ಕೂರುತ್ತಾರೆ, ಬೆಲ್ಟ್ ಮರೆಯುತ್ತಾರೆ. ಟಿಣ್ ಟಿಣ್ ಶುರುವಾಗುತ್ತದೆ. ಹೇಳಬೇಕು, ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಒಂದು ಗಳಿಗೆ, ರಸ್ತೆಯಿಂದ ಕಣ್ಣು ತೆಗೆಯದೆ, ಸುಮ್ಮನೆ ಕೇಳಿಸಿಕೊಳ್ಳುತ್ತೇನೆ.