ಕೊಳೆತ ಕಳ್ಳಿಗೆ ಬೇರು ಬಂದದ್ದು

ಮದುವೆಯಾದ ವರ್ಷ ನಾವು ವಿದ್ಯಾರಣ್ಯಪುರದಲ್ಲಿ ಮಹಡಿ ಮೇಲಿನ ಮನೆಯೊಂದನ್ನು ಬಾಡಿಗೆಗೆ ಹಿಡಿದೆವು. ನನಗೆ ಸೋಲದೇವನಹಳ್ಳಿಯ ಕಾಲೇಜೊಂದರ ಆಫೀಸಿನಲ್ಲಿ ಕೆಲಸ, ಯಜಮಾನರಿಗೆ ಯಶವಂತಪುರದ ಕಡೆ ಫ್ಯಾಕ್ಟರಿಯಲ್ಲಿ. ಬೆಳಿಗ್ಗೆ ಹಾಕಿದ ಬೀಗ ಸಂಜೆಗೇ ತೆಗೆಯುವುದು. ಧಾರವಾಡದ ತವರಿನಲ್ಲಿ ಹಿತ್ತಲಿನ ಗಿಡಗಳ ನಡುವೆಯೇ ಬೆಳೆದವಳು ನಾನು. ಇಲ್ಲಿ ತಂದಿಟ್ಟ ಗುಲಾಬಿ ಒಣಗಿತು, ದಾಸವಾಳಕ್ಕೆ ಬಿಳಿ ಹುಳು ಹತ್ತಿತು. ಹಟ ಬಿಡದೆ ಹೆಸರಘಟ್ಟ ರಸ್ತೆಯ ನರ್ಸರಿಗೆ ಹೋಗಿ, ದಿನಾ ನೀರು ಕೇಳದ ಗಿಡ ಯಾವುದಿದೆ ಎಂದು ವಿಚಾರಿಸಿದೆ. ಮುಷ್ಟಿ ಗಾತ್ರದ ಗುಂಡು ಕಳ್ಳಿಯೊಂದನ್ನು ಕೈಗಿತ್ತರು.

ಗೇಟಿನಲ್ಲೇ ಮನೆ ಓನರ್ ಆಂಟಿ ಎದುರಾದರು. ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದರು ಅವರು.

"ಏನಮ್ಮಾ, ಮುಳ್ಳಿನ ಗಿಡ ತಂದಿದೀಯಾ? ಮನೇಲಿ ಜಗಳ ಆಗುತ್ತೆ ಕಣಮ್ಮ."

"ಟೆರೇಸಿನ ಮ್ಯಾಲೆ ಇಡ್ತೀನ್ರಿ ಆಂಟಿ. ಜಗಳಾ ಮಾಡಾಕ ನಮಗೆಲ್ಲಿ ಟೈಮ್ ಐತ್ರಿ?"

ಅವರು ನಕ್ಕುಬಿಟ್ಟರು. ಅದನ್ನೇ ಒಪ್ಪಿಗೆ ಎಂದುಕೊಂಡು ನೀರಿನ ಟ್ಯಾಂಕಿನ ಪಕ್ಕ, ಬೆಳಗಿನ ಬಿಸಿಲು ಬೀಳುವ ಕಡೆ ಕುಂಡ ಇಟ್ಟೆ. ಮಣ್ಣಿಗೆ ಬೆರಳು ತೂರಿಸಿ ನೋಡಿ, ಒಳಗೂ ಒಣಗಿದ್ದರೆ ಮಾತ್ರ ನೀರು. ಮಳೆ ಬಂದರೆ ಮೆಟ್ಟಿಲ ಮೇಲಿನ ಶೀಟಿನ ಕೆಳಗೆ. ಅದಕ್ಕೆ ಬೇಕಾಗಿದ್ದದ್ದು ಅಷ್ಟೇ. ಎರಡು ವರ್ಷದಲ್ಲಿ ತಂಬಿಗೆಯಷ್ಟು ದಪ್ಪಗಾಯಿತು.

ಒಂದು ಬೇಸಿಗೆ ನಾವು ಊರಿಗೆ ಹೋಗಿ ಬರುವಷ್ಟರಲ್ಲಿ ಕಳ್ಳಿ ಒಂದು ಕಡೆ ವಾಲಿತ್ತು. ಮುಟ್ಟಿದರೆ ಬುಡವೆಲ್ಲ ಮೆತ್ತಗೆ, ಕಂದು ಬಣ್ಣ, ಕೆಟ್ಟ ವಾಸನೆ. ಹಿಂದೆಯೇ ಮೆಟ್ಟಿಲು ಹತ್ತಿ ಬಂದ ಆಂಟಿಯ ಮುಖ ಬಾಡಿತು.

"ಪಾಪ, ಬಿಸಿಲಲ್ಲಿ ಒಣಗ್ತಿದೆ ಅಂತ ದಿನಾ ಒಂದು ಚೊಂಬು ನೀರು ಹಾಕ್ತಿದ್ದೆ ಕಣಮ್ಮ. ನಾನೇ ಕೊಂದುಬಿಟ್ನಾ?"

ಮಂಡಿನೋವಿನಲ್ಲಿ ದಿನಾ ಅಷ್ಟು ಮೆಟ್ಟಿಲು ಹತ್ತಿದವರ ಮೇಲೆ ಸಿಟ್ಟು ಹೇಗೆ ಬರುತ್ತದೆ?

"ಒಗದ್ ಬಿಡು, ಹೊಸಾದು ತರೂಣು," ಎಂದರು ಯಜಮಾನರು.

ನನಗೆ ಒಪ್ಪಲಾಗಲಿಲ್ಲ. ಅಡುಗೆಮನೆಯ ಚಾಕುವನ್ನು ಬಿಸಿನೀರಿನಲ್ಲಿ ತೊಳೆದು ತಂದೆ. ಹಳೆಯ ಪೇಪರನ್ನು ಮಡಚಿ ಕಳ್ಳಿಗೆ ಸುತ್ತಿ ಹಿಡಿದು, ಕೊಳೆತ ಬುಡವನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತ ಹೋದೆ. ಪ್ರತಿ ಬಿಲ್ಲೆಯ ನಡುವೆಯೂ ಕಂದು ಕಲೆ. ಅರ್ಧಕ್ಕಿಂತ ಹೆಚ್ಚು ಹೋದ ಮೇಲೆ ಕೊನೆಗೂ ಸೌತೆಕಾಯಿಯಂಥ ಹಸಿರು ಕಂಡಿತು. ಉಳಿದ ತುಂಡನ್ನು ನೆರಳಿನಲ್ಲಿಟ್ಟು, ಕೊಯ್ದ ಗಾಯ ಒಣಗಿ ಗಟ್ಟಿಯಾದ ಮೇಲೆ ಮರಳು, ಇಟ್ಟಿಗೆ ಚೂರು, ಸ್ವಲ್ಪ ಮಣ್ಣು ಬೆರೆಸಿ ಅದರಲ್ಲಿ ಕೂರಿಸಿದೆ.

ವಾರಗಳು ಕಳೆದರೂ ಅದು ಇದ್ದ ಹಾಗೇ ಇತ್ತು. ಬದುಕಿದೆಯೋ ಇಲ್ಲವೋ ಹೇಳುವಂತಿರಲಿಲ್ಲ. ಆಂಟಿ ದಿನಾ ಕೇಳುವರು, "ಏನಂತೆ ನಮ್ಮ ಪೇಷಂಟು?" ಒಂದು ಭಾನುವಾರ ಬಟ್ಟೆ ಒಣಗಿಸಲು ಹೋದವಳು ಮೆಲ್ಲಗೆ ಅಲುಗಾಡಿಸಿ ನೋಡಿದೆ. ಅದು ಕದಲಲಿಲ್ಲ. ಮಣ್ಣನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಒದ್ದೆ ಬಟ್ಟೆ ಹೆಗಲಿನ ಮೇಲೆ ಇದ್ದ ಹಾಗೆಯೇ, "ಆಂಟೀ, ಬೇರು ಬಂದಾವ್ರೀ!" ಎಂದು ಟೆರೇಸಿನಿಂದಲೇ ಕೂಗಿದೆ. ಪಕ್ಕದ ಮನೆಯವರು ಗಾಬರಿಯಾಗಿ ಹೊರಗೆ ಬಂದರು.

ಹೂ ಬಿಡಲು ಮತ್ತೆ ಕೆಲವು ವರ್ಷ ಹಿಡಿಯಿತು. ಮೊದಲು ಬೂದು ಕೂದಲಿನ ಒಂದು ಉಂಡೆ, ಆಮೇಲೆ ಉದ್ದ ತೊಟ್ಟು. ಒಂದು ಮುಂಜಾನೆ ಹೋಗಿ ನೋಡಿದರೆ ಅಂಗೈಗಿಂತ ದೊಡ್ಡ ಬಿಳಿ ಹೂ, ಒಳಗೆ ತೆಳು ಹಳದಿ ಕೇಸರ. ಆಂಟಿಯನ್ನು ಕೈಹಿಡಿದು ಮೇಲೆ ಕರೆತಂದೆ. ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಅದರೆದುರೇ ಕೂತರು. ಫೋನ್ ಮಾಡಿ ಬೀದಿಯವರನ್ನೆಲ್ಲ ಕರೆಸಿದರು.

"ಇವಳೇ ಕಣ್ರೀ. ನಾನು ಕೊಳೆಸಿದ್ದನ್ನ ಕೊಯ್ದು ಬದುಕಿಸಿದ್ಲು," ಎಂದು ಬಂದವರಿಗೆಲ್ಲ ಹೇಳಿದರು. ಆ ಹೊಗಳಿಕೆಯನ್ನು ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ. ಬೇಡ ಎನ್ನಲಿಲ್ಲ.

ಆ ದಿನ ಕಾಲೇಜಿಗೆ ತಡವಾಯಿತು. ಸೂಪರಿಂಟೆಂಡೆಂಟರು ಕನ್ನಡಕದ ಮೇಲಿಂದ ನೋಡಿ ಕಾರಣ ಕೇಳಿದರು. ಬಸ್ಸು ಸಿಗಲಿಲ್ಲ ಎಂದಿದ್ದರೆ ನಂಬುತ್ತಿದ್ದರು. ನನಗೆ ಹಾಗೆ ಹೇಳಲು ಮನಸ್ಸಾಗಲಿಲ್ಲ.

"ಸರ್, ನಾ ಬೆಳೆಸಿದ ಗಿಡ ಹೂ ಬಿಟ್ಟಿತ್ರಿ," ಎಂದೆ.