ಬೈಗುಳ ಬಿಟ್ಟ ಧರೆಪ್ಪನ ಕೈ

ಕನ್ನೊಳ್ಳಿಯಿಂದ ಸಿಂದಗಿಗೆ ಟಂಟಂ ಆಟೋ ಓಡಿಸುವ ಧರೆಪ್ಪನಿಗೆ ಬೀಡಿ ಇಲ್ಲ, ಸಾರಾಯಿ ಇಲ್ಲ, ಎಲೆ ಅಡಿಕೆ ಕೂಡ ಹಬ್ಬ ಹುಣ್ಣಿಮೆಗೆ ಮಾತ್ರ. ಇದ್ದ ಚಟ ಒಂದೇ, ಬೈಗುಳ. ಅದರಲ್ಲಿ ಮಾತ್ರ ಅವನು ಯಾರಿಗೂ ಸೋಲುವವನಲ್ಲ. ಎದುರಿಗೆ ಬಂದ ಲಾರಿ ಒಂದು ಗೇಣು ಜಾಗ ಕಡಿಮೆ ಬಿಟ್ಟರೂ ಸಾಕು, ಆ ಡ್ರೈವರನ ಹಿಂದಿನ ಮೂರು ತಲೆಮಾರಿನವರನ್ನು ಎಬ್ಬಿಸಿ ಕೂರಿಸುತ್ತಿದ್ದ. ಗಾಡಿಯೊಳಗಿನ ಹೆಂಗಸರು ಸೆರಗಿನಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದರು, ಆದರೆ ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಊರಿಗೆ ಒಬ್ಬ ಸ್ವಾಮಿಗಳು ಜೋಳಿಗೆ ಹಿಡಿದು ಬಂದರು. ನಮ್ಮ ಕಡೆ ಇದೊಂದು ಪದ್ಧತಿ. ಕಾಳು ಬೇಡುವುದಿಲ್ಲ, ಕಾಣಿಕೆ ಬೇಡುವುದಿಲ್ಲ. ನಿಮ್ಮ ದುಶ್ಚಟ ಏನಿದೆಯೋ ಅದನ್ನು ಜೋಳಿಗೆಗೆ ಹಾಕಿ ಎಂದು ಮನೆಮನೆಯ ಮುಂದೆ ನಿಲ್ಲುತ್ತಾರೆ. ಒಬ್ಬ ಗುಟಕಾ ಚೀಟು ಹಾಕಿದ, ಇನ್ನೊಬ್ಬ ಕಣ್ಣೀರು ಸುರಿಸುತ್ತ ಅರ್ಧ ಬಾಟಲಿ ಹಾಕಿದ. ಧರೆಪ್ಪ ಮಾತ್ರ, “ನನ್ನ ಹತ್ರ ಹಂತಾದ್ದು ಏನೂ ಇಲ್ರಿ ಅಜ್ಜಾರ” ಎಂದು ಕೈ ಮುಗಿದ. ಹಿಂದೆ ನಿಂತ ಹೆಂಡತಿ ಸೀತವ್ವ ಬಿಡಬೇಕಲ್ಲ!

“ಸುಳ್ಳರಿ ಅಜ್ಜಾರ. ಇವರ ಬಾಯಿ ಐತಲ್ಲ, ಅದನ್ನ ಹಾಕಿಸ್ಕೊಳ್ರಿ. ಜೋಳಿಗಿ ಹರದ್ರ ನಾ ಹೊಲದು ಕೊಡ್ತೇನಿ.”

ಓಣಿಯೆಲ್ಲ ನಕ್ಕಿತು. ನಾಲ್ಕು ಜನರ ಮುಂದೆ ಮರ್ಯಾದೆ ಪ್ರಶ್ನೆ. ಧರೆಪ್ಪ ತನ್ನ ಬೈಗುಳವನ್ನೆಲ್ಲ ಜೋಳಿಗೆಗೆ ಹಾಕಿದೆನೆಂದು ಆಣೆ ಮಾಡಿದ. ಅಂದಿನಿಂದ ಅವನ ಬಾಯಲ್ಲಿ ಒಂದು ಹೊಲಸು ಮಾತು ಬರಲಿಲ್ಲ. ಇದು ನಿಜ, ಅವನ ವೈರಿಗಳೂ ಒಪ್ಪುತ್ತಾರೆ.

ಆದರೆ ಸಿಟ್ಟು ಎಲ್ಲಿಗೆ ಹೋಗಬೇಕು? ಕೈಗೆ ಇಳಿಯಿತು. ಅಡ್ಡ ಬಂದ ಬೈಕಿನವನಿಗೆ ತಲೆ ಇದೆಯೋ ಇಲ್ಲವೋ ಎಂದು ಬೆರಳು ತಿರುವಿ ಕೇಳುವುದು. ದಾರಿ ಬಿಡದ ಟ್ರಾಕ್ಟರಿನವನಿಗೆ ಶಾಪ ಹಾಕುವವರ ಹಾಗೆ ಎರಡೂ ಕೈಯ ಲಟಿಗೆ ಮುರಿಯುವುದು. ಇನ್ನು ಸಿಟ್ಟು ನೆತ್ತಿಗೇರಿದಾಗ ದೊಡ್ಡ ಅಸ್ತ್ರ: ಗಾಡಿ ನಿಲ್ಲಿಸಿ, ಇಳಿದು, ಎದುರಿನವನ ಮುಖ ನೋಡುತ್ತ, ಹೆಣದ ಮುಂದೆ ನಿಂತವರ ಹಾಗೆ ಹಿಂಗೈಯಿಂದ ಲಬೋ ಲಬೋ ಎಂದು ಬಾಯಿ ಬಡಿದುಕೊಳ್ಳುವುದು. ಬಾಯಿಂದ ಬೈದಿದ್ದರೆ ಅರ್ಧ ಫರ್ಲಾಂಗಿಗೆ ಮರೆತುಹೋಗುತ್ತಿತ್ತು. ಇದು ಮನೆ ಮುಟ್ಟುವವರೆಗೆ ಬೆನ್ನು ಹತ್ತುತ್ತಿತ್ತು. ಸ್ಟ್ಯಾಂಡಿನ ಹುಡುಗ ಡ್ರೈವರುಗಳೆಲ್ಲ ಅದನ್ನು ಕಲಿತರು. ಧರೆಪ್ಪನಿಗೂ ಗುರುವಾದ ಗತ್ತು ಬಂತು.

ಕಳೆದ ಡಿಸೆಂಬರಿನಲ್ಲಿ ಅವನ ಗ್ರಹಚಾರ ತಿರುಗಿತು. ಸಿಂದಗಿ ಹತ್ತಿರ ರಸ್ತೆ ನಡುವೆಯೇ ಟಂಟಂ ನಿಲ್ಲಿಸಿ ಮಂದಿ ಹತ್ತಿಸಿಕೊಳ್ಳುತ್ತಿದ್ದ. ಟಂಟಂ ಬದಿಗೆ ನಿಂತರೆ ಅದು ಟಂಟಂ ಹೇಗಾಗುತ್ತದೆ? ಹಿಂದೆ ಒಂದು ಸಣ್ಣ ಕಾರು ಹಾರ್ನ್ ಮೇಲೆ ಹಾರ್ನ್ ಹೊಡೆಯಿತು. ಕೊನೆಗೆ ಹೇಗೋ ತೂರಿಕೊಂಡು ಮುಂದೆ ಹೋಗುವಾಗ ಇವನ ಕನ್ನಡಿಗೆ ತಾಗಿತು. ಧರೆಪ್ಪ ಬೆನ್ನಟ್ಟಿ ಹೋಗಿ, ಕಾರಿಗೆ ಟಂಟಂ ಅಡ್ಡ ಹಾಕಿ, ಇಳಿದು, ತನ್ನ ದೊಡ್ಡ ಅಸ್ತ್ರವನ್ನೇ ಬಿಟ್ಟ.

ಕಾರಿನಲ್ಲಿದ್ದವಳು ಶಬಾನಾ. ಇಂಡಿ ಊರಿನವಳು, ಸಿಂದಗಿಯಲ್ಲಿ ಹೈಸ್ಕೂಲ್ ಟೀಚರ್. ದಿನಾ ಬಸ್ಸಿನ ಗುದ್ದಾಟ ಸಾಕಾಗಿ ಹಳೆಯ ಕಾರೊಂದನ್ನು ಕೊಂಡು ಆಗಷ್ಟೇ ಓಡಿಸಲು ಶುರು ಮಾಡಿದ್ದಳು. ಪಕ್ಕದಲ್ಲಿ ತಂದೆ ಶಮಶುದ್ದೀನ ಕುಳಿತಿದ್ದರು. ಅವಳು ಸೀದಾ ಪೊಲೀಸ್ ಠಾಣೆಗೆ ಹೋದಳು.

“ನಾ ಒಂದ ಮಾತರ ಬೈದೇನೇನ್ರಿ ಸಾಹೇಬ್ರ? ಆಕಿನ್ನ ಕೇಳ್ರಿ ಬೇಕಾದ್ರ” ಎಂದು ಧರೆಪ್ಪ ಠಾಣೆಯಲ್ಲಿ ಎದೆ ಸೆಟೆಸಿ ಹೇಳಿದ. ಇಷ್ಟು ಶುದ್ಧ ಮನುಷ್ಯನನ್ನು ಕರೆಸಿದ್ದಾರಲ್ಲ ಎಂದು ಅವನಿಗೇ ಕೆಡುಕೆನಿಸಿತ್ತು.

ಸಬ್ ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. “ಅಪಮಾನ ಮಾಡಾಕ ಬಾಯೇ ಬೇಕಂತ ಯಾವ ಕಾನೂನಿನಾಗ ಐತೋ? ಸನ್ನಿ ಮಾಡಿ ಕೆಣಕಿದ್ರೂ ಅಪಮಾನನ. ಅದು ಕಲಂ ಮುನ್ನೂರಾ ಐವತ್ತೆರಡು. ಎರಡು ವರ್ಷದ ತನಕ ಶಿಕ್ಷಾ ಐತಿ. ಗಾಡಿ ಅಡ್ಡ ಹಾಕಿ ಹಾದಿ ಕಟ್ಟೀದಿ, ಅದು ನೂರಾ ಇಪ್ಪತ್ತಾರು.”

ಎರಡು ವರ್ಷ ಎಂದಾಗ ಧರೆಪ್ಪನ ಎದೆ ತಾನಾಗಿಯೇ ಒಳಗೆ ಹೋಯಿತು.

ಅವನಿಗೆ ಜೈಲಿಗಿಂತ ದೊಡ್ಡ ಚಿಂತೆ ಬೇರೆ ಇತ್ತು. ಜೂನ್‌ನಿಂದ ಸಿಂದಗಿಯ ಒಂದು ಖಾಸಗಿ ಶಾಲೆಯ ಹಳದಿ ವ್ಯಾನು ಅವನ ಕೈಗೆ ಬರುವುದಿತ್ತು. ತಿಂಗಳ ಪಗಾರ, ರಾತ್ರಿ ಮನೆಯಲ್ಲಿ ಬಿಸಿ ರೊಟ್ಟಿ, ಟಂಟಂ ಕುಲುಕಾಟದಿಂದ ಬೆನ್ನಿಗೆ ಬಿಡುಗಡೆ. ಸೀತವ್ವ ಆಗಲೇ ಓಣಿಗೆಲ್ಲ ಹೇಳಿಯಾಗಿತ್ತು. ಶಾಲೆಯ ಚೇರ್ಮನ್ ಬಸಂತರಾಯರು ಸುದ್ದಿ ಕೇಳಿ ಒಂದೇ ಮಾತು ಹೇಳಿದರು.

“ಕೇಸ್ ಇದ್ದವನ ಕೈಯಾಗ ಮಕ್ಕಳನ್ನ ಹೆಂಗ ಕೊಡ್ಲಿ? ಮುಗಿಸ್ಕೊಂಡ ಬಾ, ವ್ಯಾನ್ ನಿಂದು. ಇಲ್ಲಂದ್ರ ಬ್ಯಾರೆಯವನ್ನ ನೋಡ್ತೇನಿ.”

ವಕೀಲ ಸುಭಾಸ ದಾರಿ ತೋರಿಸಿದ. ಈ ಎರಡೂ ಕಲಂ ರಾಜಿಯಾಗುವಂಥವು, ದೂರು ಕೊಟ್ಟವಳು ಒಪ್ಪಿದರೆ ಮಾರ್ಚಿನ ಲೋಕ ಅದಾಲತ್ತಿನಲ್ಲಿ ಒಂದೇ ದಿನಕ್ಕೆ ಮುಗಿಯುತ್ತದೆ, ಒಪ್ಪದಿದ್ದರೆ ತಾರೀಖಿನ ಮೇಲೆ ತಾರೀಖು. ಧರೆಪ್ಪ ಆ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸಿಂದಗಿ ಕೋರ್ಟಿಗೆ ಹೋದ. “ಕೈ ಕಿಸೆದಾಗ ಇಟಗೊಂಡ ಕುಂಡ್ರರಿ” ಎಂದು ಸೀತವ್ವ ಬಾಗಿಲವರೆಗೆ ಬಂದು ಬುದ್ಧಿ ಹೇಳಿದ್ದಳು.

ನ್ಯಾಯಾಧೀಶರು ಮೈಸೂರು ಕಡೆಯವರು. ಕಾಗದ ಓದಿ ಕನ್ನಡಕದ ಮೇಲಿಂದ ನೋಡಿದರು. “ಸನ್ನೆ ಮಾಡಿದಿರಿ ಅಂತ ಇದೆ. ಏನು ಸನ್ನೆ? ಏನದರ ಅರ್ಥ?”

“ಬಾಯಾಗ ಹೇಳಾಕ ಬರಂಗಿಲ್ರಿ ಸಾಹೇಬ್ರ. ಬೈಗುಳ ಬಿಟ್ಟೇನಿ. ಆಣಿ ಐತಿ.”

“ಹಾಗಾದರೆ ಮಾಡಿ ತೋರಿಸಿ.”

ಧರೆಪ್ಪ ವಿಧೇಯನಾಗಿ ಕಿಸೆಯಿಂದ ಕೈ ತೆಗೆದ. ಸುಭಾಸ ಹಾರಿ ಬಂದು ಆ ಕೈ ಹಿಡಿದುಕೊಂಡ. “ಬ್ಯಾಡ್ರಿ ಸಾಹೇಬ್ರ, ತಮ್ಮ ಮುಂದ ಮಾಡಿದ್ರ ಇದು ಬ್ಯಾರೇನ ಕೇಸ್ ಆಗತೈತಿ!”

ಬೆಂಚಿನ ಮೇಲೆ ಕುಳಿತವರೆಲ್ಲ ನಕ್ಕರು. ನ್ಯಾಯಾಧೀಶರೂ ಕಾಗದವನ್ನು ಮುಖಕ್ಕೆ ಹಿಡಿದರು. ನಗದಿದ್ದವಳು ಶಬಾನಾ ಒಬ್ಬಳೇ.

“ನನಗ ರೊಕ್ಕ ಬ್ಯಾಡ್ರಿ, ಅವರು ಜೈಲಿಗೆ ಹೋಗೋದೂ ಬ್ಯಾಡ. ಮಾಡಿದ್ದೇನಂತ ಬಾಯಿ ಬಿಟ್ಟು ಹೇಳಲಿ, ಸಹಿ ಮಾಡ್ತೇನಿ” ಎಂದಳು. “ಆವತ್ತಿನಿಂದ ನಾ ಸ್ಟೇರಿಂಗ್ ಮುಟ್ಟಿಲ್ರಿ. ಕೈ ನಡಗತಾವ. ವಯಸ್ಸಾದ ಅಬ್ಬಾ ದಿನಾ ಇಂಡಿಯಿಂದ ನನ್ನ ಬಿಡಾಕ ಬರ್ತಾರ.”

ಹೊರಗೆ ಹೋಗಿ ಮಾತಾಡಿಕೊಂಡು ಬನ್ನಿ, ಮಧ್ಯಾಹ್ನ ಮತ್ತೆ ಕರೆಸುತ್ತೇನೆ ಎಂದರು ನ್ಯಾಯಾಧೀಶರು.

ಬೇವಿನ ಮರದ ಕೆಳಗೆ ನಿಂತ ಧರೆಪ್ಪನಿಗೆ ಒಂದು ಉಪಾಯ ಹೊಳೆಯಿತು. ಹುಡುಗಿಯ ಹೆದರಿಕೆ ಬಿಡಿಸಿದರೆ ಆಯಿತಲ್ಲ! ಅವಳೂ ಖುಷಿ, ಆಣೆಯೂ ಉಳಿಯಿತು, ವ್ಯಾನೂ ಬಂತು.

“ಟೀಚರ್ರ, ನಡೀರಿ, ಗಾಡಿ ನೀವ ಹೊಡೀರಿ. ನಾ ಬಾಜೂಕ ಕೂಡತೇನಿ. ನಿಮ್ಮ ಅಪ್ಪಾರು ಹಿಂದ ಕೂಡ್ಲಿ. ಈ ರಸ್ತಾದಾಗ ನನ್ನ ಮೀರಿ ನಿಮಗ ಯಾರು ಏನ್ ಅಂತಾರ ನೋಡೂಣು.”

ಶಮಶುದ್ದೀನರು ಮಗಳ ಮುಖ ನೋಡಿದರು. ಅವಳು ಕೈ ಚಾಚಿ ತಂದೆಯಿಂದ ಕೀಲಿ ಇಸಿದುಕೊಂಡಳು.

ಊರು ದಾಟುವವರೆಗೆ ಚೆನ್ನಾಗಿಯೇ ನಡೆಯಿತು. ಧರೆಪ್ಪ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ, “ಹಾಂ, ಗೇರ್ ಹಾಕ್ರಿ, ಹಾಂ, ಅಂಜಬ್ಯಾಡ್ರಿ” ಎಂದು ಹುರಿದುಂಬಿಸುತ್ತಿದ್ದ. ಮುಂದೆ ಕಬ್ಬಿನ ಟ್ರಾಕ್ಟರೊಂದು ಎರಡು ಟ್ರೇಲರ್ ಎಳೆಯುತ್ತ, ಹಾಡು ಹಚ್ಚಿಕೊಂಡು ಮೆಲ್ಲಗೆ ಹೋಗುತ್ತಿತ್ತು. ಶಬಾನಾ ಅದರ ಹಿಂದೆ ತಾಳ್ಮೆಯಿಂದ ಬರುತ್ತಿದ್ದಳು. ಅವಳ ಹಿಂದಿನ ಟಂಟಂಗೆ ತಾಳ್ಮೆ ಇರಲಿಲ್ಲ. ಹಾರ್ನ್ ಹೊಡೆದೂ ಹೊಡೆದೂ ಕೊನೆಗೆ ಪಕ್ಕಕ್ಕೆ ಬಂತು. ಅದರ ಡ್ರೈವರು ಕಾರಿನ ಕಿಟಕಿಗೆ ಸರಿಯಾಗಿ ಬಗ್ಗಿ, ಕಣ್ಣು ಕೆಕ್ಕರಿಸಿ, ಹಿಂಗೈಯಿಂದ ಲಬೋ ಲಬೋ ಎಂದು ಬಾಯಿ ಬಡಿದುಕೊಂಡ.

ಕಾರು ಗಕ್ಕನೆ ನಿಂತು ಆಫ್ ಆಯಿತು. ಶಬಾನಾಳ ಎರಡೂ ಕೈ ಸ್ಟೇರಿಂಗ್ ಮೇಲೆ ಗಡಗಡ ನಡುಗತೊಡಗಿದವು.

ಧರೆಪ್ಪನೂ ಬೆವರಿದ್ದ. ಆ ಸನ್ನೆಯನ್ನು ಅವನು ನೂರಾರು ಸಲ ಮಾಡಿದ್ದ. ಅದರ ಎದುರಿಗೆ ಒಂದು ಸಲವೂ ಕುಳಿತಿರಲಿಲ್ಲ. ಯಾರೋ ತನ್ನ ಕಣ್ಣ ಮುಂದೆಯೇ ತನ್ನ ಹೆಣಕ್ಕೆ ಅತ್ತ ಹಾಗಾಗಿತ್ತು.

ಅಷ್ಟರಲ್ಲಿ ಆ ಡ್ರೈವರು ಇವನನ್ನು ಗುರುತಿಸಿದ. ಅವರದೇ ಸ್ಟ್ಯಾಂಡಿನ ಅಶ್ಫಾಕ. ಮುಖವೆಲ್ಲ ಹಲ್ಲು ಮಾಡಿ, “ಕಾಕಾ, ನಮಸ್ಕಾರ್ರಿ! ನಿಮ್ಮಂಗ ಬಂತಿಲ್ರಿ?” ಎಂದು ಕೂಗಿ, ಶಭಾಸ್ ಅನ್ನುವುದಕ್ಕೂ ಕಾಯದೆ ಹೊರಟುಹೋದ.

ಹಿಂದಿನ ಸೀಟಿನಲ್ಲಿ ಶಮಶುದ್ದೀನರು ಕೆಮ್ಮಿದರು. ಧರೆಪ್ಪನಿಗೆ ಎಂದೂ ಆಗದಷ್ಟು ನಾಚಿಕೆಯಾಯಿತು. ವ್ಯಾನು ಹೋಯಿತು ಎಂದುಕೊಂಡ. ವಿಚಿತ್ರವೆಂದರೆ ಆ ಕ್ಷಣಕ್ಕೆ ಅದು ಅವನಿಗೆ ಎರಡನೆಯ ಮಾತಾಗಿತ್ತು.

“ಅಂವಾ ಮಾಡಿದ್ದಲ್ಲ ತಂಗಿ, ಅದು ನಂದು. ನಾನ ಕಲಿಸೇನಿ” ಎಂದ. “ಮಾಡಾವಗ ಏನೂ ಅನಸಂಗಿಲ್ಲ. ಇಲ್ಲಿ ಕುಂತ್ರ ಎದಿ ಝಲ್ ಅಂತೈತಿ. ಮೂರ ತಿಂಗಳಿಂದ ಇದನ್ನ ಹೊತ್ಕೊಂಡ ತಿರಗಾಕತ್ತೀಯೇನ ಯವ್ವಾ? ನನಗ ಗೊತ್ತಿದ್ದಿಲ್ಲ.”

ಶಬಾನಾ ಓಢಣಿಯಿಂದ ಮುಖ ಒರೆಸಿಕೊಂಡು ಅವನ ಕೈ ನೋಡಿದಳು.

“ಕಾಕಾ, ನಿಮ್ಮ ಕೈನೂ ನಡಗಾಕತ್ತಾವಲ್ರಿ.”

ಧರೆಪ್ಪ ನೋಡಿಕೊಂಡ. ಹೌದು. ಅವಳಿಗೆ ನಗು ಬಂತು, ಮೊದಲು ಸಣ್ಣಗೆ, ಆಮೇಲೆ ತಡೆಯಲಾಗದೆ. ಹಿಂದಿನಿಂದ ಶಮಶುದ್ದೀನರೂ ಸೇರಿಕೊಂಡರು. ನಗು ನಿಲ್ಲುವ ಮೊದಲೇ ಅವಳು ಕೀಲಿ ತಿರುವಿದಳು, ಕಾರು ತಿರುಗಿಸಿದಳು, ಸಂತೆಯ ಗದ್ದಲದ ನಡುವೆಯೇ ಕೋರ್ಟಿನವರೆಗೆ ತಾನೇ ಓಡಿಸಿಕೊಂಡು ಬಂದಳು.

ಮಧ್ಯಾಹ್ನ ಹೆಸರು ಕರೆದಾಗ ಧರೆಪ್ಪ ಯಾರೂ ಕೇಳುವ ಮೊದಲೇ ಮಾತಾಡಿದ.

“‘ನಿನ್ನ ಹೆಣಾ ಹೋಗ್ಲಿ’ ಅಂತ ಅದರ ಅರ್ಥರಿ ಸಾಹೇಬ್ರ. ಮಗಳ ವಯಸ್ಸಿನಾಕಿಗೆ, ನಟ್ಟ ನಡು ಹಾದ್ಯಾಗ ಗಾಡಿ ಅಡ್ಡ ಹಾಕಿ ಅಂದೇನಿ. ಬೈಗುಳ ಬಿಟ್ಟೇನಿ ಅಂತ ಊರ ಮುಂದ ದೊಡ್ಡಾವಾಗಿ, ಕೈಲೆ ಅದನ್ನ ಮಾಡಿದೆ. ತಪ್ಪಾತು.”

ಈ ಸಲ ಯಾರೂ ನಗಲಿಲ್ಲ. ಶಬಾನಾ ಮುಂದೆ ಬಂದು ಸಹಿ ಮಾಡಿದಳು. ಕೇಸು ಅಲ್ಲಿಗೆ ಮುಗಿಯಿತು. ಇನ್ನೊಮ್ಮೆ ಈ ಬಾಗಿಲಿಗೆ ಬರಬೇಡಿ ಎಂದು ನ್ಯಾಯಾಧೀಶರು ಎಚ್ಚರಿಸಿದ್ದಕ್ಕೆ ಧರೆಪ್ಪ, “ಅಶ್ಫಾಕಂಗೂ ಬರಗೊಡಂಗಿಲ್ರಿ” ಎಂದ. ಅಶ್ಫಾಕ ಯಾರೆಂದು ಅವರಿಗೆ ತಿಳಿಯಲಿಲ್ಲ.

ಹೊರಗೆ ಶಮಶುದ್ದೀನರು ರೂಢಿಯಂತೆ ಡ್ರೈವರ್ ಬಾಗಿಲ ಬಳಿ ಹೋಗಿ ಕೀಲಿಗೆ ಕೈ ಚಾಚಿದರು.

“ನೀವು ಹಿಂದ ಕೂಡ್ರಿ ಅಬ್ಬಾ” ಎಂದಳು ಶಬಾನಾ.

ಕಾರು ಗೇಟಿನತ್ತ ಹೊರಳಿತು. ಹೋಗುವಾಗ ಒಮ್ಮೆ ಇತ್ತ ನೋಡಿಯಾಳೆಂದು ಧರೆಪ್ಪ ಕೈ ಮುಗಿದು ನಿಂತಿದ್ದ. ಅವಳು ನೋಡಲಿಲ್ಲ. ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು, ಒಂದು ಬಸ್ಸಿಗೆ ದಾರಿ ಬಿಟ್ಟಳು, ಇಂಡಿ ರಸ್ತೆ ಹಿಡಿದಳು. ಅವಳ ಕಣ್ಣು ರಸ್ತೆಯ ಮೇಲೆಯೇ ಇತ್ತು. ಅದನ್ನು ಕಂಡು ಧರೆಪ್ಪ ಮುಗಿದ ಕೈಗಳನ್ನು ಇಳಿಸಿ ಕಿಸೆಯಲ್ಲಿ ಇಟ್ಟುಕೊಂಡ.