ಹುಣಸೆಹುಳಿ ಹಚ್ಚಿ ತೊಳೆದ ಐದು ಕಲ್ಲು

ಶುಕ್ರವಾರ ಬೆಳಿಗ್ಗೆ ಮುಂಬಯಿಯ ಭಾಂಡುಪಿನ ಮನೆಯಲ್ಲಿ ಹುಣಸೆಹುಳಿ ಹಚ್ಚಿ ದೇವರ ದೀಪಗಳನ್ನು ಉಜ್ಜುತ್ತಿದ್ದೆ. ಕಲ್ಲಿನ ಶಾಸ್ತ್ರ ಓದುತ್ತಿದ್ದ ಮಗಳು ಕಾಲೇಜಿನಿಂದ ಫೋನ್ ಮಾಡಿದಳು.

"ಅಮ್ಮಾ, ಇವತ್ತಿನ ಪರೀಕ್ಷೆಗೆ ರಿಪೋರ್ಟ್ ಸಾಕು ಅಂದಿದ್ರು ಸರ್, ಈಗ ಕಲ್ಲೂ ನೋಡ್ಬೇಕಂತೆ. ಐದರದ್ದೂ ನಂಬರ್ ಕಾಣುವ ಹಾಗೆ ವಿಡಿಯೋ ಕಾಲ್ ಮಾಡು, ಜಲ್ದಿ!"

ಕೈಯಲ್ಲಿದ್ದ ದೀಪ ಕೆಳಗಿಟ್ಟೆ. ಭೂಮಿತಾಯಿಯ ವಸ್ತು ಕಾಲಡಿ ಬೇಡವೆಂದು, ಅವಳು ಓದಿಗಾಗಿ ಆಯ್ದು ತಂದಿದ್ದ ಆ ಕಲ್ಲುಗಳನ್ನು ದೇವರ ಮುಂದಿಟ್ಟವಳು ನಾನೇ. ಆಗತಾನೇ ಅವನ್ನೂ ದೀಪಗಳ ಜೊತೆ ತಿಕ್ಕಿ ತೊಳೆದಿದ್ದೆ. ಎತ್ತಿದ ಜಾಗ ಗುರುತಿಸಲು ಅವಳು ಕಲ್ಲುಗಳ ಮೇಲೆ ಬರೆದಿದ್ದ ನಂಬರು ಒಂದೂ ಉಳಿದಿರಲಿಲ್ಲ. ಅಂದಿನ ಪರೀಕ್ಷೆ ಪಾಸಾದರಷ್ಟೇ ಅವಳಿಗೆ ಸಿಕ್ಕಿದ್ದ ಕೆಲಸ ಉಳಿಯುತ್ತಿತ್ತು. ತೊಳೆದದ್ದನ್ನು ಹೇಳಿದೆ.

"ಕಲ್ಲಿಗೂ ಸ್ನಾನವಾ ಅಮ್ಮಾ? ಎಂತ ಮಾಡಿದೆ ನೀನು!" ಅತ್ತೇಬಿಟ್ಟಳು.

ದೇವರೇ ಎಂದು ಐದನ್ನೂ ನೆಲದ ಮೇಲೆ ಹರಡಿದೆ. ಅಡುಗೆಮನೆಯಲ್ಲಿ ಕೂತು ಅವಳು ಗಟ್ಟಿಯಾಗಿ ಓದುತ್ತಿದ್ದದ್ದು ನೆನಪಿತ್ತು. ನೆಲದಾಳದಲ್ಲಿ ಕಾವು ಏರಿದರೆ ಕಪ್ಪು-ಬಿಳಿ ಪಟ್ಟೆಯ ಕಲ್ಲು ಒಮ್ಮೆಲೇ ಕರಗುವುದಿಲ್ಲವಂತೆ. ಮೊದಲು ಬಿಳಿಯದು ಕರಗಿ ಗೆರೆಯಾಗುತ್ತದೆ, ಕಪ್ಪು ಗಟ್ಟಿಯಾಗಿಯೇ ಇರುತ್ತದೆ. ಕರಗಿದ್ದು ಹೆಚ್ಚಿದಂತೆ ಗೆರೆಗಳು ದಪ್ಪವಾಗಿ, ಆಮೇಲೆ ಪಟ್ಟೆಗಳೇ ಮುರಿದು, ಪಾಕದಲ್ಲಿ ಕರಗದ ಬೆಲ್ಲದ ಹಾಗೆ ಕಪ್ಪು ತುಂಡುಗಳು ತೇಲುತ್ತವೆ. ಕರಗಿದ್ದು ಬೇರೆಯಾಗಿ ಒಂದೆಡೆ ಸೇರಿ, ನಿಧಾನವಾಗಿ ಆರಿದರೆ ಗ್ರಾನೈಟ್.

ಕರಗದ ಪಟ್ಟೆಕಲ್ಲಿನಿಂದ ಗ್ರಾನೈಟಿನವರೆಗೆ ಐದನ್ನೂ ಹಾಗೇ ಸಾಲಾಗಿಟ್ಟು ವಿಡಿಯೋದಲ್ಲಿ ತೋರಿಸಿದೆ.

"ಸಾಲು ಸರಿ ಇದೆ ಅಮ್ಮಾ. ಆದ್ರೆ ಯಾವುದು ಎಲ್ಲಿಯದ್ದು ಅಂತ ಸರ್ ಕೇಳಿದ್ರೆ?"

ಇದನ್ನೇ ತೋರಿಸು ಎಂದೆ. ಒಂದು ಗಂಟೆಯ ಮೇಲೆ ಮತ್ತೆ ಅವಳ ಫೋನ್.

"ಸರ್ ಒಪ್ಪಲಿಲ್ಲ. ಹೊಸ ಕಲ್ಲು ತಂದು ಮುಂದಿನ ಸಲ ಬಾ ಅಂದ್ರು."

"ಕೆಲಸ?"

"ಹೋಯ್ತು."

ಬಾಯಿಗೆ ಬಂದದ್ದು ಒಂದೇ ಮಾತು: "ಏನಾದರೂ ತಿಂದಿಯಾ ಮಗಾ?"

"ವಡಾಪಾವ್ ತಿಂದೆ. ನೀನೂ ಊಟ ಮಾಡು."

ಮಗಳು ಫೋನ್ ಮಾಡಿದಳು, ತಿಂದಳು, ನನಗೂ ಉಣ್ಣಲು ಹೇಳಿದಳು. ದೇವರು ಅಷ್ಟನ್ನು ಉಳಿಸಿದ ಎಂದುಕೊಂಡೆ. ಕಲ್ಲುಗಳನ್ನು ಪೇಪರಿನಲ್ಲಿ ಸುತ್ತಿ ಅವಳ ಮೇಜಿನ ಮೇಲಿಟ್ಟೆ. ದೀಪಗಳ ಮೇಲೆ ಹುಳಿ ಒಣಗಿ ಅಂಟಿಕೊಂಡಿತ್ತು. ಕೂತು ಮತ್ತೆ ಉಜ್ಜತೊಡಗಿದೆ.